ಪಾಳಿ ಮೇಷ್ಟ್ರ ಒಂಬತ್ತು ಗಂಟೆ

ಅವರನ್ನು ನಾನು ಮೊದಲು ನೋಡಿದಾಗ ಅವರು ನೆಲದ ಮೇಲಿದ್ದರು. ಬಸ್ ಡಿಪೋದ ಕಬ್ಬಿಣದ ಮೆಟ್ಟಿಲು ಹತ್ತಿ, ನೇಮಕದ ಪತ್ರವಿದ್ದ ಫೈಲನ್ನು ಎದೆಗೆ ಅವಚಿಕೊಂಡು, ತೆರೆದ ಬಾಗಿಲ ಮುಂದೆ ನಾನು ನಿಂತಿದ್ದೆ. ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಇನ್ನೂ ಹತ್ತು ನಿಮಿಷ ಬಾಕಿ. ಕೋಣೆಯಲ್ಲಿ ಎರಡು ಮೇಜು, ಮೂರು ಕುರ್ಚಿ. ಕುರ್ಚಿಗಳಲ್ಲಿ ಯಾರೂ ಇರಲಿಲ್ಲ. ನೆಲದ ತುಂಬ ಗೀಟು ಹಾಕಿದ ದೊಡ್ಡ ಹಾಳೆಗಳನ್ನು ಹಾಸಿದ್ದರು. ಅವುಗಳ ನಡುವೆ ಒಬ್ಬರು ಮಂಡಿಯೂರಿ ಕೂತಿದ್ದರು. ಕಿವಿಯ ಸಂದಿನಲ್ಲಿ ಕೆಂಪು ಪೆನ್ಸಿಲ್, ಹಲ್ಲಿನ ನಡುವೆ ಹಸಿರು ಪೆನ್ಸಿಲ್, ಕೈಯಲ್ಲಿ ಸವೆದು ಉಂಡೆಯಾದ ರಬ್ಬರ್. ಕೆಳಗಿನಿಂದ ಬಸ್ಸು ತೊಳೆಯುವ ನೀರಿನ ಸದ್ದು, ಡೀಸೆಲ್ ವಾಸನೆ. ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ತಿಳಿಯದೆ ಒಂದು ಕಾಲು ಮುಂದಿಟ್ಟೆ.

"ಅಲ್ಲಿ ಕಾಲಿಡಬೇಡಿ," ಅಂದರು, ತಲೆ ಎತ್ತದೆ. "ಅದು ಮಂಗಳವಾರ."

ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ.

"ಎಡಗಡೆಯಿಂದ ಬನ್ನಿ. ಭಾನುವಾರದ ಮೇಲೆ ತುಳಿದ್ರೂ ಪರವಾಗಿಲ್ಲ, ಅವತ್ತು ಬಸ್ಸು ಕಡಿಮೆ."

ಆಮೇಲೆ ಎದ್ದು, ಮಂಡಿ ಒರೆಸಿಕೊಂಡು, ನನ್ನ ಪತ್ರವನ್ನು ಎರಡು ಸಲ ಓದಿದರು. ಅಂಕಿಅಂಶ ಶಾಸ್ತ್ರದಲ್ಲಿ ಪದವಿ ಎಂಬಲ್ಲಿಗೆ ಬಂದಾಗ ಕನ್ನಡಕ ಸರಿ ಮಾಡಿಕೊಂಡರು.

"ಮನೇಲಿ ಯಾರು ಓದಿದ್ದಾರೆ?"

"ಯಾರೂ ಇಲ್ಲ ಸಾರ್. ನಾನೇ ಮೊದಲು."

"ಹಾಗಾದ್ರೆ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋ ಅಭ್ಯಾಸ ಇರುತ್ತೆ. ಒಳ್ಳೇದು," ಅಂದರು. "ಸಾರ್ ಬೇಡ. ಇಲ್ಲಿ ನನ್ನನ್ನ ಪಾಳಿ ಮೇಷ್ಟ್ರು ಅಂತಾರೆ."

ಅವರು ಮೇಷ್ಟ್ರಾಗಿ ಯಾವ ಶಾಲೆಯಲ್ಲೂ ಕೆಲಸ ಮಾಡಿದವರಲ್ಲ. ಎಂಟು ವರ್ಷ ಬಸ್ಸು ಓಡಿಸಿ, ಕಣ್ಣಿನ ದೋಷ ಹೆಚ್ಚಾಗಿ, ಮೇಜಿನ ಕೆಲಸಕ್ಕೆ ಬಂದವರು. ಡಿಪೋದಲ್ಲಿ ತೊಂಬತ್ತಾರು ಬಸ್ಸು, ಇನ್ನೂರ ಹತ್ತು ಜನ ಡ್ರೈವರುಗಳು. ಯಾವ ದಿನ ಯಾರು, ಯಾವ ಬಸ್ಸನ್ನು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಓಡಿಸಬೇಕು ಎಂಬ ಡ್ಯೂಟಿ ಚಾರ್ಟ್ ಬರೆಯುವುದು ಅವರ ಕೆಲಸ. ಒಂದು ವಾರದ ಚಾರ್ಟಿಗೆ ಮೂರು ದಿನ ಬೇಕಾಗುತ್ತಿತ್ತು. ಒಬ್ಬ ಡ್ರೈವರ್ ಜ್ವರ ಅಂತ ಮಲಗಿದರೆ ಹದಿನೈದು ಜನರ ಪಾಳಿ ಅಳಿಸಿ ಬರೆಯಬೇಕು. ರಬ್ಬರ್ ಉಂಡೆಯಾಗಿದ್ದು ಹಾಗೆ.

ಮೊದಲ ದಿನವೇ ಅವರು ನನಗೆ ಕಲಿಸಿದ್ದು ಒಂಬತ್ತು ಗಂಟೆಯ ಲೆಕ್ಕ. ಒಂದು ಪಾಳಿ ಮುಗಿದ ಮೇಲೆ ಮುಂದಿನ ಪಾಳಿಗೆ ಒಂಬತ್ತು ಗಂಟೆಯಾದರೂ ಬಿಡುವಿರಬೇಕು. ನಾನು ನಿಯಮದ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಅಂಕಿ ಇರಲಿಲ್ಲ, ‘ಸಾಕಷ್ಟು ವಿಶ್ರಾಂತಿ’ ಎಂದಷ್ಟೇ ಇತ್ತು. ಅದನ್ನು ಅವರಿಗೆ ತೋರಿಸಿದೆ.

"ಪುಸ್ತಕ ಬರೆದೋನು ಬಸ್ಸು ಓಡಿಸಿರ್ಲಿಲ್ಲ," ಅಂದರು. "ಮನೆಗೆ ಹೋಗೋಕೆ ಒಂದು ಗಂಟೆ, ವಾಪಸ್ ಬರೋಕೆ ಒಂದು. ಊಟ, ಸ್ನಾನ, ಮಕ್ಕಳ ಮುಖ ನೋಡೋದು ಇನ್ನೊಂದು. ಉಳಿದಿದ್ದು ಆರು. ಆರು ಗಂಟೆ ಕಣ್ಣು ಮುಚ್ಚದೋನ ಕೈಗೆ ನಾನು ಸ್ಟೀರಿಂಗ್ ಕೊಡಲ್ಲ. ನನಗೇ ಒಂದ್ಸಲ ಸಿಗ್ನಲ್‌ನಲ್ಲಿ ನಿದ್ದೆ ಬಂದಿತ್ತು. ಹಿಂದಿನೋರು ಹಾರ್ನ್ ಹೊಡೆದಾಗ ಎಚ್ಚರ ಆಯ್ತು. ಬಸ್ಸು ನಿಂತಿತ್ತು, ಅದಕ್ಕೇ ನಿಮ್ಮ ಮುಂದೆ ಕೂತು ಮಾತಾಡ್ತಿದ್ದೀನಿ."

ಡ್ರೈವರುಗಳು ನನಗೂ ಬೇಗ ಒಂದು ಹೆಸರಿಟ್ಟರು. "ಏನ್ ಡಿಗ್ರಿ, ನಾಳೆ ನಂದು ಎಷ್ಟೊತ್ತಿಗೆ?" ಅಂತ ಕಿಟಕಿಯಿಂದ ಕೇಳುತ್ತಿದ್ದರು. ಅವರಲ್ಲಿ ಮೇಷ್ಟ್ರ ಹೆಂಡತಿಯ ತಮ್ಮನೂ ಒಬ್ಬ. ಎತ್ತರದ ಆಳು, ಎಲ್ಲರನ್ನೂ ತಮಾಷೆ ಮಾಡುವವನು. "ಭಾವ ಅಂತ ಒಂದು ದಿನಾನೂ ಒಳ್ಳೆ ರೂಟು ಸಿಗ್ಲಿಲ್ಲ ನೋಡಿ. ಅಕ್ಕನ್ನ ಕೊಟ್ಟು ಏನು ಲಾಭ ಆಯ್ತು ನಮಗೆ?" ಅನ್ನುತ್ತಿದ್ದ. ಮೇಷ್ಟ್ರು ಪೆನ್ಸಿಲ್ ಕಚ್ಚಿಕೊಂಡೇ ನಗುತ್ತಿದ್ದರು. ಮಕ್ಕಳಿಲ್ಲದ ಮನೆ ಅವರದು. ಅಕ್ಕ ತಮ್ಮನನ್ನು ಮಗನ ಹಾಗೆ ಸಾಕಿದ್ದಳು.

ಎರಡನೆಯ ವರ್ಷದಲ್ಲಿ ಮೇಷ್ಟ್ರು ಪ್ರೋಗ್ರಾಂ ಬರೆಯಲು ಕಲಿತರು. ಆಗ ಅವರಿಗೆ ನಲವತ್ತಾರು. ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳಲಿಲ್ಲ. ಯಾರೋ ಎಲ್ಲೋ ಬರೆದು, ಎಲ್ಲರಿಗೂ ಕಾಣುವಂತೆ ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದ ಕೋಡ್‌ಗಳನ್ನು ತೆರೆದು, ಒಂದೊಂದು ಸಾಲು ಅಳಿಸಿ ಏನಾಗುತ್ತದೆ ಅಂತ ನೋಡಿ ಕಲಿತರು. ಡಿಪೋದ ಹಳೆಯ ಕಂಪ್ಯೂಟರಿನ ಮುಂದೆ ಊಟದ ಡಬ್ಬಿ ತೆರೆದಿಟ್ಟುಕೊಂಡು, ಒಂದು ಕೈಯಲ್ಲಿ ತಿನ್ನುತ್ತ ಒಂದು ಕೈಯಲ್ಲಿ ಒತ್ತುತ್ತಿದ್ದರು. ಕೀಲಿಗಳ ಸಂದಿಯಲ್ಲಿ ಅನ್ನದ ಅಗುಳು ಸಿಗುತ್ತಿತ್ತು. ಒಂದೂವರೆ ವರ್ಷದ ಮೇಲೆ ಒಂದು ಬುಧವಾರ ಚಾರ್ಟು ತಾನಾಗಿಯೇ ಹೊರಬಂತು. ತೊಂಬತ್ತಾರು ಬಸ್ಸು, ಇನ್ನೂರ ಹತ್ತು ಜನ, ನಲವತ್ತು ನಿಮಿಷ. ಒಂಬತ್ತು ಗಂಟೆ ಎಂಬುದು ಆ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಯಾರೂ ಬದಲಿಸಲಾಗದ ಒಂದು ಸಾಲಾಗಿತ್ತು.

ಅದನ್ನು ಅವರು ಓಪನ್ ಸೋರ್ಸ್ ಆಗಿ ಬಿಟ್ಟರು. ಅಂದರೆ ಒಳಗಿನ ಬರಹ ಸಮೇತ ಎಲ್ಲರ ಮುಂದೆ ಇಟ್ಟರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಮಾರಬಹುದು. ಅವರು ಹಾಕಿದ ಷರತ್ತು ಒಂದೇ: ತಮ್ಮ ಹೆಸರನ್ನು ತೆಗೆಯಬಾರದು.

"ತಿದ್ದಿದ್ದನ್ನ ವಾಪಸ್ ಕೊಡಬೇಕು ಅಂತ ಇನ್ನೊಂದು ಷರತ್ತು ಹಾಕಬಹುದಂತೆ," ಅಂದೆ ನಾನು. ಬಹಳ ಜನ ಹಾಗೆ ಮಾಡುತ್ತಾರೆ ಎಂದು ಓದಿದ್ದೆ.

"ಕೊಟ್ಟ ಮೇಲೆ ಕೈ ಹಿಡ್ಕೊಂಡು ನಿಲ್ಲೋದಾ? ನಾನು ಕಲಿಯೋವಾಗ ಯಾರಾದ್ರೂ ನನ್ನ ಹತ್ರ ವಾಪಸ್ ಕೇಳಿದ್ರಾ?"

ಮೊದಲ ಆರು ತಿಂಗಳು ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಯಾವುದೋ ದ್ವೀಪದ ದೋಣಿ ಸಾರಿಗೆಯವರು ಬರೆದರು. ನಮ್ಮ ಬಸ್ಸಿನ ಜಾಗದಲ್ಲಿ ದೋಣಿ ಹಾಕಿದ್ದರು, ಜೊತೆಗೆ ಉಬ್ಬರವಿಳಿತದ ವೇಳೆಯನ್ನೂ ಸೇರಿಸಿದ್ದರು. ಉಬ್ಬರವಿಳಿತ ನಮಗೇಕೆ ಅಂತ ನಾನು ನಕ್ಕೆ. ಮೇಷ್ಟ್ರು ಎರಡು ದಿನ ಅದನ್ನೇ ನೋಡಿ, ಅದೇ ಉಪಾಯದಿಂದ ಶಾಲೆ ಬಿಡುವ ಹೊತ್ತಿನ ನೂಕುನುಗ್ಗಲಿಗೆ ಹೆಚ್ಚು ಬಸ್ಸು ಬಿಡುವುದನ್ನು ಸೇರಿಸಿದರು. ಒಬ್ಬ ನಿವೃತ್ತ ಗಣಿತದ ಮೇಷ್ಟ್ರು, ನಿಜವಾದ ಮೇಷ್ಟ್ರು, ಲೆಕ್ಕದ ದಾರಿಯನ್ನೇ ಬದಲಿಸಿದರು. ನಲವತ್ತು ನಿಮಿಷದ ಕೆಲಸ ನಾಲ್ಕು ನಿಮಿಷಕ್ಕೆ ಇಳಿಯಿತು. ಒಂದು ಆಸ್ಪತ್ರೆಯ ಹಿರಿಯ ನರ್ಸ್ ತನ್ನ ವಾರ್ಡಿನವರ ಪಾಳಿಗೆ ಅದನ್ನು ಒಗ್ಗಿಸಿಕೊಂಡು, ಒಬ್ಬರಿಗೇ ಪದೇ ಪದೇ ಕೆಟ್ಟ ಪಾಳಿ ಬೀಳದಂತೆ ಹಂಚುವ ಭಾಗ ಬರೆದು ವಾಪಸ್ ಕೊಟ್ಟಳು. ಅದು ಬಂದ ವಾರ ನಮ್ಮ ಡಿಪೋದಲ್ಲಿ ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು. ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಒಬ್ಬರ ತಲೆನೋವಿಗೆ ಮಾಡಿಕೊಂಡ ಮದ್ದು ಇನ್ನೊಬ್ಬರ ಹೊಟ್ಟೆನೋವಿಗೆ ಆಗುತ್ತಿತ್ತು. ಹೊಸದು ಹುಟ್ಟುವುದು ದೊಡ್ಡ ಕಟ್ಟಡಗಳಲ್ಲಿ ಅಂತ ನಾನು ಕಾಲೇಜಿನಲ್ಲಿ ನಂಬಿದ್ದೆ. ಅದು ಡಬ್ಬಿಯ ವಾಸನೆಯ ಈ ಕೋಣೆಯಲ್ಲಿ ಹುಟ್ಟುವುದನ್ನು ಕಣ್ಣಾರೆ ಕಂಡೆ. ಆ ಮೂರು ವರ್ಷ ಅವರು ಒಂದು ದಿನವೂ ರಜೆ ಹಾಕಲಿಲ್ಲ.

ನಾವು ಟ್ರಾಮ್ ಹೆಂಗಸು ಎನ್ನುತ್ತಿದ್ದವಳ ಪತ್ರ ಬಂದಿದ್ದು ಆಗಲೇ. ಬಹಳ ಚಳಿಯ ಊರಿನ ಟ್ರಾಮ್ ಸಂಸ್ಥೆಯೊಂದರಲ್ಲಿ ನಮ್ಮಂತೆಯೇ ಪಾಳಿ ಬರೆಯುವವಳು. ಅವಳ ಊರಿನ ಕಾನೂನಿನ ಪ್ರಕಾರ ಹನ್ನೊಂದು ಗಂಟೆ ವಿಶ್ರಾಂತಿ ಕೊಡಬೇಕು. ನಮ್ಮ ಪ್ರೋಗ್ರಾಮಿನಲ್ಲಿ ಒಂಬತ್ತು ಅಲುಗಾಡುತ್ತಿರಲಿಲ್ಲ. ಅವಳು ಆ ಸಾಲನ್ನು ಹೊರಗೆ ತೆಗೆದು, ಪ್ರತಿ ಊರಿನವರೂ ತಮ್ಮ ಅಂಕಿ ತಾವೇ ಹಾಕಿಕೊಳ್ಳುವಂತೆ ಮಾಡಿ ಕಳಿಸಿದಳು. ಅಚ್ಚುಕಟ್ಟಾದ ಕೆಲಸ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಳು: ಇಂತಿಷ್ಟು ಗಂಟೆಗಿಂತ ಕಡಿಮೆ ಹಾಕಲಾಗದಂತೆ ಒಂದು ತಡೆ ಇಡಲೇ?

ಮೇಷ್ಟ್ರು ಉತ್ತರ ಬರೆಯುವಾಗ ನಾನು ಪಕ್ಕದಲ್ಲೇ ಇದ್ದೆ. ಊಟದ ಹೊತ್ತು. ಬರೆದದ್ದು ಎರಡೇ ಸಾಲು: ‘ಒಂಬತ್ತಕ್ಕಿಂತ ಕಡಿಮೆ ಯಾರು ಕೊಡುತ್ತಾರೆ? ತಡೆ ಬೇಡ. ತುಂಬ ಒಳ್ಳೆಯ ಕೆಲಸ, ಧನ್ಯವಾದ.’ ಆಮೇಲೆ ಒಪ್ಪಿಗೆಯ ಗುಂಡಿ ಒತ್ತಿದರು. ಬಳಕೆಯ ಕೈಪಿಡಿಗೆ ಒಂದು ವಾಕ್ಯ ಬೇಕಿತ್ತು. ‘ಕನಿಷ್ಠ ವಿಶ್ರಾಂತಿಯನ್ನು ನಿಮ್ಮ ಅನುಕೂಲದಂತೆ ಬದಲಿಸಿಕೊಳ್ಳಬಹುದು’ ಎಂದು ನಾನು ಬರೆದುಕೊಟ್ಟೆ, ಅವರು ಸೇರಿಸಿದರು. ಇಂಥ ಕೆಲಸದಲ್ಲಿ ಒಂದು ಪದ್ಧತಿ ಇದೆ. ಯಾವ ಸಾಲನ್ನು ಯಾರು ಬರೆದರು, ಯಾರು ಒಪ್ಪಿದರು, ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾತಾಡಿಕೊಂಡರು, ಎಲ್ಲವೂ ದಾಖಲಾಗಿ ಉಳಿಯುತ್ತದೆ. ಯಾರು ಬೇಕಾದರೂ ಓದಬಹುದು. ಮೇಷ್ಟ್ರಿಗೆ ಅದರ ಬಗ್ಗೆ ಹೆಮ್ಮೆ ಇತ್ತು. "ಕಣ್ಣಾಮುಚ್ಚಾಲೆ ಇಲ್ಲ ಇಲ್ಲಿ," ಅನ್ನುತ್ತಿದ್ದರು.

ಎರಡು ವರ್ಷದ ಮೇಲೆ ಮುಖ್ಯ ಕಚೇರಿಯವರು ಎಲ್ಲ ಡಿಪೋಗಳಿಗೂ ಒಂದೇ ವ್ಯವಸ್ಥೆ ಬೇಕು ಅಂದರು. ಮೇಷ್ಟ್ರು ತಮ್ಮ ಪ್ರೋಗ್ರಾಮನ್ನು ಹಿಡಿದುಕೊಂಡು, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೋದರು. ವಾಪಸ್ ಬಂದಾಗ ಷರ್ಟು ಹಾಗೇ ಗರಿಗರಿಯಾಗಿತ್ತು, ಅಲ್ಲಿ ಅವರಿಗೆ ಕೂರಲು ಯಾರೂ ಹೇಳಿಯೇ ಇರಲಿಲ್ಲ.

"ಪುಕ್ಕಟೆ ಸಿಗೋದನ್ನ ಹೇಗೆ ನಂಬೋದು ಅಂದ್ರು. ನಾಳೆ ಏನಾದ್ರೂ ಆದ್ರೆ ಹಿಡಿದು ಕೇಳೋಕೆ ಒಬ್ರು ಬೇಕಂತೆ."

ಕೇಳಲು ಒಂದು ಕಂಪನಿ ಸಿಕ್ಕಿತು. ಅವರ ವ್ಯವಸ್ಥೆಯನ್ನು ನಮ್ಮ ಕಂಪ್ಯೂಟರಿಗೆ ಹಾಕಿದ ದಿನ, ಮೇಷ್ಟ್ರು ಪರದೆಯ ಮೂಲೆಯ ‘ಪರಿಚಯ’ ಎಂಬ ಗುಂಡಿ ಒತ್ತಿದರು. ಕೊನೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ, ಅವರ ಹೆಸರಿತ್ತು. ಒಳಗಿದ್ದದ್ದು ಅವರ ಪ್ರೋಗ್ರಾಮೇ. ದೋಣಿಯವರದು, ಗಣಿತದ ಮೇಷ್ಟ್ರದು, ನರ್ಸಿನದು, ಟ್ರಾಮ್ ಹೆಂಗಸಿನದು, ಎಲ್ಲ ಇತ್ತು. ಮೇಲೆ ಚೆಂದದ ಬಣ್ಣ ಬಳಿದು, ನಾಳೆ ಯಾವ ಡ್ರೈವರ್ ಬರದೇ ಇರಬಹುದು ಎಂದು ಊಹಿಸುವ ಹೊಸ ಭಾಗ ಸೇರಿಸಿ, ಮೊಹರು ಹಾಕಿದ್ದರು. ತೆರೆಯುವ ಹಾಗಿರಲಿಲ್ಲ.

"ಷರತ್ತು ಪಾಲಿಸಿದ್ದಾರೆ," ಅಂದರು ಮೇಷ್ಟ್ರು. "ಹೆಸರು ಉಳಿಸಿದ್ದಾರೆ ನೋಡಿ."

ಅಂದಿನಿಂದ ನಮ್ಮ ಕೆಲಸ ಹೊರಬಂದ ಚಾರ್ಟನ್ನು ಫಲಕಕ್ಕೆ ಚುಚ್ಚುವುದಷ್ಟೇ ಆಯಿತು. ಅಂಕಿಗಳನ್ನು ಹಾಕುವ ಪುಟಕ್ಕೆ ನಮಗೆ ಪ್ರವೇಶ ಇರಲಿಲ್ಲ. ಮೂರನೆಯ ವಾರ ಮೇಷ್ಟ್ರ ಮೈದುನ ಕಿಟಕಿಗೆ ಬಂದ. ಕಣ್ಣು ಕೆಂಪಗಿತ್ತು, ಆದರೂ ತಮಾಷೆ ಬಿಟ್ಟಿರಲಿಲ್ಲ.

"ಭಾವ, ನಿಮ್ಮ ಮಿಷನ್ನು ನನ್ನ ನಿದ್ದೇನೂ ಲೆಕ್ಕ ಹಾಕುತ್ತೆ ಅಂತಿದ್ರಲ್ಲ. ಮಿಷನ್ನಿಗೇ ನಿದ್ದೆ ಬಂದಿರಬೇಕು. ನಿನ್ನೆ ರಾತ್ರಿ ಬಸ್ಸಿಂದ ಇಳಿದಿದ್ದು ಹತ್ತೂ ಹತ್ತಕ್ಕೆ, ಇವತ್ತು ಬೆಳಗಿನ ಜಾವ ಹತ್ತಿದ್ದು ನಾಲ್ಕೂ ಇಪ್ಪತ್ತಕ್ಕೆ."

ಮೇಷ್ಟ್ರು ಫಲಕದ ಮುಂದೆ ನಿಂತು ಇನ್ನೂರ ಹತ್ತು ಜನರ ಸಾಲನ್ನು ಬೆರಳಿಟ್ಟು ನೋಡಿದರು. ಒಂಬತ್ತು ಎಲ್ಲೂ ಕಡ್ಡಾಯವಾಗಿರಲಿಲ್ಲ. ಅತಿ ಕಡಿಮೆ ಎಲ್ಲಿದೆ ಅಂತ ಹುಡುಕಿದರು. ಆರು. ಆರಕ್ಕಿಂತ ಕೆಳಗೆ ಒಂದೂ ಇರಲಿಲ್ಲ. ಅಂದರೆ ಯಾರೋ ಆರು ಅಂತ ಹಾಕಿದ್ದರು.

ಡಿಪೋ ಮ್ಯಾನೇಜರ್ ಹತ್ತಿರ ಹೋದರು. ನಾನೂ ಜೊತೆಗಿದ್ದೆ.

"ಡ್ರೈವರ್‌ಗಳು ಕಡಿಮೆ ಇದ್ದಾರೆ ಮೇಷ್ಟ್ರೇ, ಅದಕ್ಕೆ ಸಿಸ್ಟಮ್ ಹಾಗೆ ಹೊಂದಿಸಿದೆ."

"ಸಿಸ್ಟಮ್ ತಾನಾಗಿ ಹೊಂದಿಸಲ್ಲ ಸಾರ್. ಅಂಕಿ ಯಾರಾದ್ರೂ ಕೊಡ್ಬೇಕು."

"ಒಳಗಿರೋದು ನಿಮ್ಮ ಪ್ರೋಗ್ರಾಮೇ ತಾನೇ? ಹೆತ್ತೋರೇ ಹೀಗೆ ಬೈದ್ರೆ ಹೇಗೆ?"

ಮೇಷ್ಟ್ರು ಕಂಪನಿಗೆ ಬರೆದರು. ದೂರಿನ ಸಂಖ್ಯೆ ಬಂತು. ಎರಡನೆಯ ಸಲ ಬರೆದರು. ಇನ್ನೊಂದು ಸಂಖ್ಯೆ ಬಂತು. ಹಿಂದೆ ಇಂಥ ತಪ್ಪು ಕಂಡಿದ್ದರೆ ಮೇಷ್ಟ್ರು ಊಟ ಮುಗಿಯುವುದರೊಳಗೆ ತಿದ್ದುತ್ತಿದ್ದರು. ಈಗ ತಮ್ಮದೇ ಸಾಲುಗಳನ್ನು ಮುಟ್ಟಲು ಅವರಿಗೆ ಅಪ್ಪಣೆ ಇರಲಿಲ್ಲ.

ಎರಡನೆಯ ಕಾಗದ ಬರೆದ ಹನ್ನೊಂದನೆಯ ದಿನ, ಬೆಳಿಗ್ಗೆ ಏಳೂವರೆಗೆ, ಮೈದುನ ಓಡಿಸುತ್ತಿದ್ದ ಬಸ್ಸು ನಿಲ್ದಾಣದ ಕಟ್ಟೆ ಹತ್ತಿ ಕಂಬಕ್ಕೆ ಗುದ್ದಿತು. ಬಸ್ಸಿಗೆ ಕಾಯುತ್ತಿದ್ದ, ಬಟ್ಟೆ ಹೊಲಿಯುವ ಕೆಲಸದ ಹೆಂಗಸೊಬ್ಬಳ ಬಲಗಾಲು ಮಂಡಿಯಿಂದ ಕೆಳಕ್ಕೆ ಹೋಯಿತು. ಬ್ರೇಕಿನ ಗುರುತು ರಸ್ತೆಯ ಮೇಲೆ ಇರಲಿಲ್ಲ. ನಿದ್ದೆ ಬಂತು ಅಂತ ಅವನು ಪೊಲೀಸರಿಗೆ ತಾನೇ ಹೇಳಿದ. ತಮಾಷೆಯವನು, ಆದರೆ ಸುಳ್ಳು ಹೇಳುವವನಾಗಿರಲಿಲ್ಲ.

ಅವನನ್ನು ಅಮಾನತು ಮಾಡಿದರು. ವಿಚಾರಣೆ ಆಗುವವರೆಗೆ ಮೇಷ್ಟ್ರಿಗೆ ಒಂದೇ ಚಿಂತೆ. ನಿದ್ದೆಯ ತಪ್ಪು ಮೈದುನನದಲ್ಲ, ಆರು ಎಂಬ ಅಂಕಿಯದು, ಆ ಅಂಕಿ ಹಾಕಿದವರು ಬೇರೆ, ಎಂದು ತೋರಿಸಿಬಿಟ್ಟರೆ ಅವನ ಕೆಲಸ ಉಳಿಯುತ್ತದೆ. ಆ ತಿಂಗಳ ಚಾರ್ಟುಗಳನ್ನೆಲ್ಲ ಜೋಡಿಸಿ, ಅವನ ಸಾಲಿಗೆ ಹಳೆಯ ಕೆಂಪು ಪೆನ್ಸಿಲಿನಿಂದ ಗೆರೆ ಹಾಕಿದರು. ಇಪ್ಪತ್ತಾರು ಪಾಳಿಯಲ್ಲಿ ಹನ್ನೊಂದು ಸಲ ಏಳು ಗಂಟೆಗಿಂತ ಕಡಿಮೆ ಬಿಡುವು. ಆ ಕಾಗದಗಳ ಪ್ರತಿ ಮಾಡಿಸಿ ಕೊಡಲು ನಾನು ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಬಾಗಿಲು ತೆಗೆದಳು. ಒಳಗೆ ಅವಳ ತಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಈಗ ಮಲಗ್ತಾನೆ ನೋಡಿ," ಅಂದಳು ನನಗೆ. "ದಿನಾ ಪೂರ್ತಿ ಮಲಗ್ತಾನೆ. ನಿಮ್ಮ ಮೇಷ್ಟ್ರಿಗೆ ಹೇಳಿ, ಒಂಬತ್ತು ಗಂಟೆ ಆಯ್ತು ಅಂತ."

ಮೇಷ್ಟ್ರು ಅಲ್ಲೇ ಕೂತಿದ್ದರು.

ವಿಚಾರಣೆ ಮುಖ್ಯ ಕಚೇರಿಯ ಮೂರನೆಯ ಮಹಡಿಯಲ್ಲಿ ನಡೆಯಿತು. ಉದ್ದನೆಯ ಮೇಜು, ನೀರಿನ ಬಾಟಲಿಗಳು, ಒಬ್ಬ ವಿಚಾರಣಾಧಿಕಾರಿ, ಟೈ ಕಟ್ಟಿದ ಕಂಪನಿಯವನು. ಮೇಷ್ಟ್ರು ಚಾರ್ಟುಗಳನ್ನು ಇಟ್ಟರು. ಅಧಿಕಾರಿ ನೋಡಿದರು. ಆರು ಅಂತ ಹಾಕಿದ್ದು ಯಾರು ಅಂತ ಕೇಳಿದರು.

"ನಮ್ಮ ಸೆಟ್ಟಿಂಗುಗಳು ವ್ಯಾಪಾರದ ಗುಟ್ಟು ಸಾರ್, ಒಪ್ಪಂದದಲ್ಲೇ ಇದೆ," ಅಂದ ಕಂಪನಿಯವನು, ಬಹಳ ವಿನಯದಿಂದ. "ಆದರೆ ವಿಶ್ರಾಂತಿ ಕಡಿಮೆ ಮಾಡೋ ಅವಕಾಶ ನಾವು ಮಾಡಿದ್ದಲ್ಲ. ಅದು ಮೂಲ ಪ್ರೋಗ್ರಾಮಿನಲ್ಲೇ ಇತ್ತು. ಮುಚ್ಚುಮರೆ ಏನಿಲ್ಲ, ಯಾರು ಬೇಕಾದ್ರೂ ಓದಬಹುದು."

ಅವನು ಮೂಲ ಪ್ರೋಗ್ರಾಮಿನ ಆ ದಾಖಲೆಯನ್ನು ಗೋಡೆಯ ಪರದೆಯ ಮೇಲೆ ತೆರೆದ. ದಿನಾಂಕ, ಹೊತ್ತು, ಹೆಸರು, ಒಪ್ಪಿಗೆಯ ಗುರುತು.

ಡಿಪೋದ ಕಡೆಯಿಂದ ಓದಿ ದೃಢೀಕರಿಸಬೇಕು ಅಂತ ನನ್ನನ್ನು ಎಬ್ಬಿಸಿದರು.

"ಈ ಒಪ್ಪಿಗೆ ಯಾರದು?"

"ಮೇಷ್ಟ್ರದು."

"ತಡೆ ಇಡಬೇಕಾ ಅಂತ ಆಕೆ ಕೇಳಿದ್ದಾರೆ. ಉತ್ತರ ಓದಿ."

"ಸಾರ್, ಆಕೆ ಕೇಳಿದ್ದು ಹನ್ನೊಂದು ಗಂಟೆ ಕೊಡೋದಕ್ಕೆ…"

"ಉತ್ತರ ಮಾತ್ರ ಓದಿ."

ನಾನು ಓದಿದೆ. ‘ಒಂಬತ್ತಕ್ಕಿಂತ ಕಡಿಮೆ ಯಾರು ಕೊಡುತ್ತಾರೆ? ತಡೆ ಬೇಡ.’

ಆಮೇಲೆ ಕೈಪಿಡಿಯ ವಾಕ್ಯ ತೋರಿಸಿದರು. ‘ನಿಮ್ಮ ಅನುಕೂಲದಂತೆ ಬದಲಿಸಿಕೊಳ್ಳಬಹುದು.’ ಅದರ ಪಕ್ಕದಲ್ಲೂ ಮೇಷ್ಟ್ರ ಹೆಸರೇ ಇತ್ತು, ಸೇರಿಸಿದ್ದು ಅವರಾದ್ದರಿಂದ. ಆ ವಾಕ್ಯ ಯಾರದು ಅಂತ ಅಧಿಕಾರಿ ಕೇಳಲಿಲ್ಲ. ನಾನು ಹೇಳಲಿಲ್ಲ. ವರ್ಷಗಟ್ಟಲೆ ತಾತ್ಕಾಲಿಕವಾಗಿ ದುಡಿದ ಮೇಲೆ ನನ್ನ ಕೆಲಸ ಕಾಯಂ ಆಗಿ ಆಗ ನಾಲ್ಕು ತಿಂಗಳಾಗಿತ್ತು. ಮೇಷ್ಟ್ರು ನನ್ನ ಕಡೆ ನೋಡಿದರು, ಆಮೇಲೆ ನೀರಿನ ಬಾಟಲಿಯ ಕಡೆ ನೋಡಿದರು.

"ಡ್ರೈವರ್ ನಿಮಗೆ ಏನಾಗಬೇಕು?" ಅಂತ ಅಧಿಕಾರಿ ಅವರನ್ನು ಕೇಳಿದರು.

"ನನ್ನ ಹೆಂಡತಿಯ ತಮ್ಮ."

ಅಧಿಕಾರಿ ಅದನ್ನು ಬರೆದುಕೊಂಡರು. ಕಂಪನಿಯ ದಾಖಲೆ ಮುಚ್ಚಿತ್ತು, ಆದ್ದರಿಂದ ಅದರಲ್ಲಿ ತಪ್ಪು ಕಾಣಲಿಲ್ಲ. ಮೇಷ್ಟ್ರದು ತೆರೆದಿತ್ತು, ಕಂಡಿತು. ಏನಾದರೂ ಆದರೆ ಹಿಡಿದು ಕೇಳಲು ಒಬ್ಬರು ಬೇಕು ಅಂದಿದ್ದರಲ್ಲ, ಅವರಿಗೆ ಒಬ್ಬರು ಸಿಕ್ಕರು.

ಮೈದುನನನ್ನು ಕೆಲಸದಿಂದ ತೆಗೆದರು. ಮೇಷ್ಟ್ರಿಗೆ ಎಚ್ಚರಿಕೆ ಕೊಟ್ಟು ಜಾಗ ಬದಲಿಸಿದರು.

ನಡೆದದ್ದನ್ನು ಅವರು ಟ್ರಾಮ್ ಹೆಂಗಸಿಗೆ ಬರೆದಿದ್ದರು. ಅವಳು ಮೂರೇ ದಿನದಲ್ಲಿ ತಡೆಯನ್ನು ಬರೆದು ಕಳಿಸಿದಳು. ಒಂಬತ್ತಕ್ಕಿಂತ ಕಡಿಮೆ ಹಾಕಿದರೆ ಪ್ರೋಗ್ರಾಂ ಓಡುವುದಿಲ್ಲ. ಜೊತೆಗೆ, ಅಂದು ತಾನು ಇನ್ನೊಂದು ಸಲ ಕೇಳಬೇಕಿತ್ತು ಎಂದು ಬರೆದಿದ್ದಳು. ಮೇಷ್ಟ್ರು ಅದನ್ನು ಒಪ್ಪಿ ಗುಂಡಿ ಒತ್ತಿದರು. ಒಂದೇ ತಿಂಗಳಲ್ಲಿ ಅರವತ್ತಕ್ಕೂ ಹೆಚ್ಚು ಊರುಗಳು ಹೊಸದನ್ನು ಹಾಕಿಕೊಂಡವು. ದ್ವೀಪದ ದೋಣಿಯವರು, ಆ ನರ್ಸಿನ ವಾರ್ಡು, ನಾವು ಹೆಸರು ಕೇಳಿರದ ಊರುಗಳ ಡ್ರೈವರುಗಳು. ಅವರೆಲ್ಲರಿಗೂ ಈಗ ಒಂಬತ್ತು ಗಂಟೆ ಗಟ್ಟಿ. ಅದಕ್ಕೆ ತೆತ್ತ ಬೆಲೆ ಒಂದು ಕಾಲು ಎಂಬುದು ಅವರಿಗೆ ಗೊತ್ತಿಲ್ಲ. ನಮ್ಮ ಡಿಪೋದಲ್ಲಿರುವುದು ಮೊಹರು ಹಾಕಿದ ಹಳೆಯ ಪ್ರತಿ. ಅದನ್ನು ಮುಟ್ಟಿದರೆ ಒಪ್ಪಂದ ಮುರಿಯುತ್ತದೆ. ಫಲಕಕ್ಕೆ ಚಾರ್ಟು ಚುಚ್ಚಲು ಈಗ ಉಳಿದಿರುವುದು ನಾನು ಮಾತ್ರ. ವಾರಕ್ಕೊಮ್ಮೆ ಬೆರಳಿಟ್ಟು ನೋಡುತ್ತೇನೆ. ಆರು ಈಗ ಆರೂವರೆ ಆಗಿದೆ.

ಮೈದುನ ಒಂದು ಬೇಕರಿಯ ವ್ಯಾನು ಓಡಿಸುತ್ತಾನೆ. ಭಾವನ ಮನೆಗೆ ಬರುವುದಿಲ್ಲ. ಅಕ್ಕನೇ ಹೋಗಿ ನೋಡಿ ಬರುತ್ತಾಳೆ.

ಹೋದ ವಾರ ನನ್ನ ಕೊಡೆ ಬಸ್ಸಿನಲ್ಲಿ ಉಳಿದು, ಅದನ್ನು ಕೇಳಲು ಮೇಷ್ಟ್ರ ಹತ್ತಿರ ಹೋಗಿದ್ದೆ. ಆ ಕೈಪಿಡಿಯ ವಾಕ್ಯದ ಮಾತು ತೆಗೆಯಬೇಕೆಂದೇ ಹೋಗಿದ್ದೆ, ನಿಜ ಹೇಳಬೇಕೆಂದರೆ. ಕೊಡೆಯದು ನೆಪ.

"ಮೇಷ್ಟ್ರೇ, ಅವತ್ತು ನಾನು…"

"ಬಣ್ಣ ಯಾವುದು?" ಅಂದರು.

"ಕಪ್ಪು."

"ಎಲ್ಲಾರ್ದೂ ಕಪ್ಪೇ. ಯಾವ ರೂಟು, ಎಷ್ಟೊತ್ತಿಗೆ ಇಳಿದ್ರಿ, ಅದನ್ನ ಹೇಳಿ."

ಹೇಳಿದೆ. ಕೊಡೆ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು.

ಪಾಳಿ ಮೇಷ್ಟ್ರು ಈಗ ಡಿಪೋದ ಹಿಂಬದಿಯಲ್ಲಿ, ಟೈರುಗಳ ಗೋದಾಮಿನ ಪಕ್ಕ, ಪ್ರಯಾಣಿಕರು ಮರೆತು ಬಿಟ್ಟುಹೋದ ಸಾಮಾನಿನ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಕೊಡೆ, ಚೀಲ, ಊಟದ ಡಬ್ಬಿಗಳಿಗೆ ದಿನಾಂಕ ಬರೆದ ಚೀಟಿ ಕಟ್ಟಿ ಕಪಾಟಿನಲ್ಲಿ ಇಡುತ್ತಾರೆ.